ಮೊದಲ ಪ್ರೋಗ್ರಾಮಿಂಗ್ ಭಾಷೆ: ‘ಸುಲಭ’ ಎಂಬ ಹೆಸರನ್ನು ಒರೆಗೆ ಹಚ್ಚುವ ಬಗೆ

ಯಾವ ಭಾಷೆಯಿಂದ ಶುರು ಮಾಡಲಿ ಎಂದು ಇವತ್ತು ಯಾರನ್ನೇ ಕೇಳಿ, ‘ಪೈಥಾನ್ ಕಲಿ, ಸುಲಭ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಲವತ್ತು ವರ್ಷದ ಹಿಂದೆ ಇದೇ ಮಾತನ್ನು ಬೇಸಿಕ್ ಬಗ್ಗೆ ಹೇಳುತ್ತಿದ್ದರು. ಎರಡೂ ಸುಳ್ಳಲ್ಲ. ಆದರೆ ಈ ‘ಸುಲಭ’ ಹೆಚ್ಚಾಗಿ ಮೊದಲ ದಿನದ ಮಾತು. ಮೂರನೇ ವಾರ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಹೊಸಬರ ಭಾಷೆ ಎನಿಸಿಕೊಂಡದ್ದು ಕಷ್ಟವನ್ನು ಅಳಿಸಿಹಾಕಿರುವುದಿಲ್ಲ, ಮುಂದಕ್ಕೆ ತಳ್ಳಿರುತ್ತದೆ. ಎಲ್ಲಿಗೆ ತಳ್ಳಿದೆ ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ದಾರಿಯಲ್ಲಿ ‘ಇದು ನನಗೆ ಆಗುವ ಕೆಲಸವಲ್ಲ’ ಎಂದು ಕೈಬಿಡುವ ಪ್ರಸಂಗ ಬರುವುದಿಲ್ಲ.

ಒಂದು ಸೂಚನೆ: ಇಲ್ಲಿ ಆಜ್ಞೆಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಪ್ರಿಂಟ್, ಇನ್‌ಪುಟ್, ಫಾರ್ ಮುಂತಾದವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ (print, input, int, for, in, range, len) ಬರೆಯಬೇಕು.

ಈ ಹೆಸರು ಬರುವುದು ಎಲ್ಲಿಂದ

ಬೇಸಿಕ್ ಮೊದಲು ಓಡಿದ್ದು 1964ರ ಮೇ 1ರಂದು, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಪ್ರಾಧ್ಯಾಪಕರು ಅದನ್ನು ರೂಪಿಸಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಮುಟ್ಟಲಿ ಎಂದು. ಮುಂದೆ ಮನೆಗಳಿಗೆ ಬಂದ ಪುಟ್ಟ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಸ್ವಿಚ್ ಹಾಕಿದೊಡನೆ ನೇರವಾಗಿ ಬೇಸಿಕ್‌ನಲ್ಲೇ ತೆರೆದುಕೊಳ್ಳುತ್ತಿದ್ದವು. ನಮ್ಮ ದೇಶದ ಶಾಲೆಗಳಿಗೆ 1984-85ರ ಕ್ಲಾಸ್ ಎಂಬ ಸರ್ಕಾರಿ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋ ಕೂಡ ಅಂಥದ್ದೇ.

ಮರ್ಯಾದೆ ಮಾತ್ರ ಸಿಗಲಿಲ್ಲ. ಬೇಸಿಕ್ ಕಲಿತು ಬಂದ ವಿದ್ಯಾರ್ಥಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ ಎಂದು ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1975ರಲ್ಲಿ ಬರೆದರು. ಅವರಿಗೆ ಹಿಂದಿನಿಂದಲೂ ಸಿಟ್ಟಿದ್ದದ್ದು ‘ಗೋಟು’ ಆಜ್ಞೆಯ ಮೇಲೆ: 40ನೇ ಸಾಲಿನಿಂದ 200ಕ್ಕೆ, ಅಲ್ಲಿಂದ 90ಕ್ಕೆ ಎಂದು ಹಾರುತ್ತಾ ಹೋದರೆ ಬರೆದವರಿಗೇ ಮರುದಿನ ತಲೆಬುಡ ತಿಳಿಯುವುದಿಲ್ಲ. ದೂರಿನಲ್ಲಿ ಹುರುಳಿತ್ತು. ಆದರೆ ಹೊಸಬರು ಗುಂಪುಗುಂಪಾಗಿ ಬರುವ ಭಾಷೆಯಲ್ಲಿ ಹೊಸಬರ ಕಚ್ಚಾ ಕೆಲಸವೇ ಎದ್ದು ಕಾಣುತ್ತದೆ, ಹೆಸರು ಕೆಡುವುದು ಭಾಷೆಯದು. ಪಿಎಚ್‌ಪಿ, ವಿಷುವಲ್ ಬೇಸಿಕ್‌ಗಳೂ ಇದೇ ಮಾತು ಕೇಳಿಸಿಕೊಂಡವು.

ಪೈಥಾನ್ ಈ ಬಲೆಯಿಂದ ತಪ್ಪಿಸಿಕೊಂಡ ಬಗೆ ಕುತೂಹಲದ್ದು. ಗೀಡೊ ವಾನ್ ರೊಸಮ್ ಅದನ್ನು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿದ್ದಾಗ 1989ರ ಡಿಸೆಂಬರಿನಲ್ಲಿ ಬರೆಯಲು ಕೂತರು. 1991ರ ಫೆಬ್ರವರಿಯಲ್ಲಿ ಹೊರಬಂತು. ಅದೇ ಸಂಸ್ಥೆಯಲ್ಲಿ ಎಬಿಸಿ ಎಂಬ ಕಲಿಕೆಯ ಭಾಷೆ ಇತ್ತು, ಗೀಡೊ ಅದರಲ್ಲಿ ಕೆಲಸ ಮಾಡಿದ್ದರು. ಸಾಲನ್ನು ಒಳಸರಿಸಿ ಬರೆಯುವ ಪದ್ಧತಿ ಬಂದದ್ದು ಅಲ್ಲಿಂದ. ಆದರೆ ಪೈಥಾನಿನ ಗುರಿ ತರಗತಿಯಾಗಿರಲಿಲ್ಲ, ದಿನನಿತ್ಯದ ಕೆಲಸವಾಗಿತ್ತು. ವೇಗ ಬೇಕಾದ ಭಾಗವನ್ನು ಸಿ ಭಾಷೆಯಲ್ಲಿ ಬರೆದು ಒಳಗೆ ಜೋಡಿಸಲು ದಾರಿ ಇದ್ದುದರಿಂದ ವಿಜ್ಞಾನಿಗಳು ಬಂದರು, ಅವರ ಹಿಂದೆ ದತ್ತಾಂಶದವರು, ಎಐ ಮಂದಿ. ಹೊಸಬರೂ ಪಳಗಿದವರೂ ಒಂದೇ ಕಡೆ ಇದ್ದರೆ ‘ಮಕ್ಕಳಾಟಿಕೆ’ ಎಂಬ ಹಣೆಪಟ್ಟಿ ಅಂಟುವುದು ಕಷ್ಟ.

ಹಾಗಾಗಿ ಯಾರಾದರೂ ಒಂದು ಭಾಷೆಯನ್ನು ಹೊಗಳಿದಾಗ ಅಥವಾ ಹೀಗಳೆದಾಗ ಎರಡು ಪ್ರಶ್ನೆ ಕೇಳಿ. ಹೇಳುತ್ತಿರುವವರು ಅದರಲ್ಲಿ ಏನು ಮಾಡಿದ್ದಾರೆ? ಅವರು ಹೇಳುತ್ತಿರುವುದು ಈಗಿನ ಆವೃತ್ತಿಯ ಬಗ್ಗೆಯೇ? ಜಾವಾದಲ್ಲಿ ಒಂದು ಸಾಲು ಮುದ್ರಿಸಲು ಕ್ಲಾಸ್, ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್ ಎಂದೆಲ್ಲ ಮಂತ್ರ ಹೇಳಬೇಕು ಎಂಬ ದೂರು ಹಳೆಯದು. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಸಣ್ಣ ಪ್ರೋಗ್ರಾಮುಗಳಿಗೆ ಆ ಮಂತ್ರದ ಬಹುಪಾಲು ಬೇಡ.

ಯಾರಿಗೆ ಯಾವುದು

ಇದನ್ನು ಬೇಗ ಮುಗಿಸಬಹುದು. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಸ್ಕ್ರ್ಯಾಚ್. ಎಂಐಟಿ ಮೀಡಿಯಾ ಲ್ಯಾಬಿನ ಮಿಚೆಲ್ ರೆಸ್ನಿಕ್ ತಂಡ 2007ರಲ್ಲಿ ಬಿಡುಗಡೆ ಮಾಡಿದ್ದು. ಬ್ಲಾಕುಗಳನ್ನು ಎಳೆದು ಜೋಡಿಸುವುದರಿಂದ ಕಾಗುಣಿತದ ತಪ್ಪಿಗೆ ಎಡೆಯೇ ಇಲ್ಲ. ಅದರ ವೇದಿಕೆ 480 ಅಗಲ, 360 ಎತ್ತರ. ನಡುಬಿಂದುವಿನಿಂದ ಎಡಬಲಕ್ಕೆ 240, ಮೇಲೆ ಕೆಳಗೆ 180. ಇಷ್ಟು ತಿಳಿದರೆ ಮಗು ಬೆಕ್ಕನ್ನು ಓಡಿಸುತ್ತಲೇ ನಿರ್ದೇಶಾಂಕ ಕಲಿಯುತ್ತದೆ, ಶಾಲೆಯಲ್ಲಿ ಆ ಪಾಠ ಬರುವ ಎಷ್ಟೋ ಮೊದಲು.

ವೆಬ್ ಪುಟ ಮಾಡುವ ಆಸೆ ಇದ್ದರೆ ಜಾವಾಸ್ಕ್ರಿಪ್ಟ್. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬ್ರೌಸರಿನಲ್ಲಿ ಎಫ್12 ಒತ್ತಿ ‘ಕನ್ಸೋಲ್’ ತೆರೆದರೆ ಸಾಕು. ಪರೀಕ್ಷೆಗಾಗಿ ಕಲಿಯುವವರಿಗೆ ಆಯ್ಕೆಯೇ ಇಲ್ಲ, ಪಠ್ಯಕ್ರಮ ಹೇಳಿದ್ದೇ ಭಾಷೆ: ಸಿಬಿಎಸ್‌ಇ 11, 12ನೇ ತರಗತಿಯಲ್ಲಿ ಪೈಥಾನ್, ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ಕೂಡ ಎದುರಾಗುತ್ತದೆ. ಅಂಗಡಿ ಲೆಕ್ಕ, ಸಂಘದ ಚಂದಾ ಪಟ್ಟಿ ಇಷ್ಟೇ ನಿಮ್ಮ ಗುರಿಯಾಗಿದ್ದರೆ ಎಕ್ಸೆಲ್ ಸೂತ್ರಗಳನ್ನು ಚೆನ್ನಾಗಿ ಕಲಿಯಿರಿ, ಭಾಷೆಯ ಗೊಡವೆ ಬೇಡ. ಉಳಿದವರಿಗೆ ಪೈಥಾನ್. ಇನ್ನು ಮುಂದಿನದೆಲ್ಲ ಅದನ್ನೇ ಇಟ್ಟುಕೊಂಡು ಹೇಳುತ್ತೇವೆ.

ಕೂರಿಸುವುದು

ಪೈಥಾನ್ ಬಿಟ್ಟುಬಿಡುವವರಲ್ಲಿ ಅನೇಕರು ಅದನ್ನು ಶುರು ಮಾಡುವ ಮೊದಲೇ, ಇನ್‌ಸ್ಟಾಲ್ ಮಾಡುವಾಗಲೇ ಬಿಟ್ಟಿರುತ್ತಾರೆ. ವಿಂಡೋಸಿನ ಮಾಮೂಲಿ ಇನ್‌ಸ್ಟಾಲರಿನ ಮೊದಲ ಪರದೆಯ ತಳದಲ್ಲಿ ‘ಪಾಥ್‌ಗೆ ಸೇರಿಸು’ ಎಂಬ ಅರ್ಥದ ಒಂದು ಚೌಕ ಇರುತ್ತದೆ (ಪಾಥ್ ಎಂದರೆ ವಿಂಡೋಸ್ ಪ್ರೋಗ್ರಾಮುಗಳನ್ನು ಹುಡುಕುವ ಜಾಗಗಳ ಪಟ್ಟಿ). ಅದಕ್ಕೆ ಗುರುತು ಹಾಕದೆ ಮುಂದೆ ಹೋದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಪೈಥಾನ್ ಎಂದು ಬರೆದಾಗ ‘ಅಂಥದ್ದು ಯಾವುದೂ ಇಲ್ಲ’ ಎನ್ನುತ್ತದೆ, ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದು ಕೂರುತ್ತದೆ.

ಈ ರಗಳೆಯೇ ಬೇಡವೆಂದರೆ ಥಾನಿ ಹಾಕಿಕೊಳ್ಳಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಹುಟ್ಟಿದ ಉಚಿತ ತಂತ್ರಾಂಶ ಇದು. ಪೈಥಾನ್ ಅದರ ಒಳಗೇ ಇರುತ್ತದೆ. ತೆರೆದ ಮೇಲೆ ಮಾಡಬೇಕಾದ್ದು ಮೂರು. ‘ವ್ಯೂ’ ಮೆನುವಿನಲ್ಲಿ ‘ವೇರಿಯಬಲ್ಸ್’ ಆನ್ ಮಾಡಿ. ಯಾವ ಹೆಸರಿನಲ್ಲಿ ಯಾವ ಬೆಲೆ ಕೂತಿದೆ ಎಂಬುದು ಬಲಗಡೆ ಕಾಣುತ್ತದೆ. ಹೊಸದೊಂದು ಫೋಲ್ಡರ್ ಮಾಡಿ, ಫೈಲುಗಳನ್ನೆಲ್ಲ ಅಲ್ಲೇ ಉಳಿಸಿ. ಓಡಿಸಲು ಎಫ್5, ಒಂದೊಂದೇ ಹೆಜ್ಜೆ ಇಟ್ಟು ನೋಡಲು ಕಂಟ್ರೋಲ್ ಹಿಡಿದು ಎಫ್5, ಆಮೇಲೆ ಎಫ್6, ಒಳಹೊಕ್ಕು ನೋಡಬೇಕಾದಲ್ಲಿ ಎಫ್7. ಈ ಹೆಜ್ಜೆ ನಡಿಗೆಯನ್ನು ಮೊದಲ ವಾರವೇ ರೂಢಿ ಮಾಡಿಕೊಂಡವರಿಗೆ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಎಂಬುದು ಕಣ್ಣಿಗೆ ಕಾಣುವ ವಸ್ತುವಾಗುತ್ತದೆ.

ಫೈಲಿಗೆ ಹೆಸರಿಡುವಾಗ ಎಚ್ಚರ. ಟರ್ಟಲ್ (ಚಿತ್ರ ಬಿಡಿಸುವ ಮಾಡ್ಯೂಲ್, ಅಂದರೆ ಸಿದ್ಧ ಕೋಡಿನ ಕಡತ) ಕಲಿಯುತ್ತಿದ್ದೇನೆ ಎಂದು ಫೈಲಿಗೆ ಟರ್ಟಲ್ ಎಂದೇ, ರ‍್ಯಾಂಡಮ್ ಕಲಿಯುವಾಗ ರ‍್ಯಾಂಡಮ್ ಎಂದೇ ಹೆಸರಿಟ್ಟರೆ, ಪೈಥಾನ್ ತನ್ನ ಜೊತೆ ಬಂದ ಮಾಡ್ಯೂಲನ್ನು ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ನಿನ್ನೆ ಓಡುತ್ತಿದ್ದುದು ಇವತ್ತು ಅರ್ಥವಾಗದ ದೋಷ ಕೊಟ್ಟರೆ ಮೊದಲು ನೋಡಬೇಕಾದ್ದು ಇದನ್ನೇ. 3.13ನೇ ಆವೃತ್ತಿಯಿಂದ ಪೈಥಾನೇ ಈ ಸುಳಿವು ಕೊಡುತ್ತದೆ.

ವರ್ಡ್ ಕಡತದಿಂದಾಗಲಿ ವಾಟ್ಸ್‌ಆ್ಯಪ್‌ನಿಂದಾಗಲಿ ಕೋಡ್ ನಕಲಿಸಬೇಡಿ. ವರ್ಡ್ ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆ ಮಾಡಿಬಿಡುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ. ವಾಟ್ಸ್‌ಆ್ಯಪ್ ಎರಡು ನಕ್ಷತ್ರ ಚಿಹ್ನೆಗಳ ನಡುವಿನದನ್ನು ದಪ್ಪಕ್ಷರ ಮಾಡಲು ಹೋಗಿ ಗುಣಾಕಾರವನ್ನೇ ನುಂಗಬಹುದು.

ಮಗ್ಗಿಯಿಂದ ಶುರು

‘ಹಲೋ ವರ್ಲ್ಡ್’ ಮುದ್ರಿಸುವುದರಿಂದ ಭಾಷೆಯ ಗುಣ ಗೊತ್ತಾಗುವುದಿಲ್ಲ. ಮಗ್ಗಿ ಬರೆಸಿ: ಒಳಗೆ ತೆಗೆದುಕೊಳ್ಳುವುದು, ಲೆಕ್ಕ, ಪುನರಾವರ್ತನೆ, ಹೊರಗೆ ತೋರಿಸುವುದು ನಾಲ್ಕೂ ಮೂರೇ ಸಾಲಿನಲ್ಲಿ ಬರುತ್ತವೆ.

ಸಂಖ್ಯೆ = ಇಂಟ್(ಇನ್‌ಪುಟ್("ಯಾವ ಮಗ್ಗಿ? "))
ಫಾರ್ ಸಲ ಇನ್ ರೇಂಜ್(1, 11):
    ಪ್ರಿಂಟ್(ಸಂಖ್ಯೆ, "×", ಸಲ, "=", ಸಂಖ್ಯೆ * ಸಲ)

ಇದರಲ್ಲಿ ‘ಸಂಖ್ಯೆ’, ‘ಸಲ’ ಎಂಬ ಹೆಸರುಗಳನ್ನು ನಿಜವಾಗಿಯೂ ಕನ್ನಡದಲ್ಲೇ ಬರೆಯಬಹುದು. ಪೈಥಾನ್ 3 ಒಪ್ಪುತ್ತದೆ. ಮೂರನೇ ಸಾಲಿನ ಮುಂದೆ ಖಾಲಿ ಜಾಗ ಇರಲೇಬೇಕು (ರೂಢಿ ನಾಲ್ಕು), ಎರಡನೇ ಸಾಲಿನ ಕೊನೆಯ ಕೋಲನ್ (:) ಚಿಹ್ನೆಯೂ. ಜಾಗ ಒಂದು ಹೆಚ್ಚುಕಡಿಮೆಯಾದ ಸಾಲುಗಳು ಸೇರಿದರೆ, ಅಥವಾ ಒಂದೆಡೆ ಟ್ಯಾಬ್ ಇನ್ನೊಂದೆಡೆ ಸ್ಪೇಸ್ ಬಳಸಿದರೆ, ಪ್ರೋಗ್ರಾಮ್ ಓಡುವುದಿಲ್ಲ.

ಈಗ ಬೇಕೆಂದೇ ಕೆಡಿಸಿ ನೋಡಿ. 11ರ ಬದಲು 10 ಹಾಕಿ: ಮಗ್ಗಿ ಒಂಬತ್ತಕ್ಕೇ ನಿಲ್ಲುತ್ತದೆ. ರೇಂಜ್ ಕೊನೆಯ ಸಂಖ್ಯೆಯನ್ನು ಮುಟ್ಟುವುದಿಲ್ಲ, ಅದರ ಹಿಂದಿನದಕ್ಕೇ ನಿಲ್ಲುತ್ತದೆ. ಹೊಸಬರ ಲೆಕ್ಕ ‘ಒಂದು ಕಡಿಮೆ’ ಬರುವುದಕ್ಕೆ ಇದು ದೊಡ್ಡ ಕಾರಣ.

ಆಮೇಲೆ ‘ಇಂಟ್’ ತೆಗೆದುಹಾಕಿ 7 ಕೊಡಿ. ಬರುವುದು 7, 77, 777, 7777... ಯಾವ ದೋಷ ಸಂದೇಶವೂ ಇಲ್ಲ. ಇನ್‌ಪುಟ್ ಯಾವಾಗಲೂ ಕೊಡುವುದು ಪಠ್ಯವನ್ನು. ಪಠ್ಯವನ್ನು ಮೂರರಿಂದ ಗುಣಿಸು ಎಂದರೆ ಮೂರು ಸಲ ಬರೆ ಎಂದು ಪೈಥಾನ್ ಅರ್ಥ ಮಾಡಿಕೊಳ್ಳುತ್ತದೆ. ‘ಸುಲಭ’ದ ಬೆಲೆ ಇಲ್ಲಿ ಮೊದಲ ಸಲ ಕೈಗೆ ಸಿಗುತ್ತದೆ. ಇದು ಸಂಖ್ಯೆ, ಇದು ಪಠ್ಯ ಎಂದು ಮೊದಲೇ ಘೋಷಿಸುವ ಕಿರಿಕಿರಿ ತಪ್ಪಿತು, ಆದರೆ ಅದನ್ನು ನೆನಪಿಡುವ ಹೊಣೆ ನಿಮ್ಮ ತಲೆಗೆ ಬಂತು. ಬೇರೆ ಭಾಷೆಗಳು ಇದೇ ತೊಡಕನ್ನು ಬೇರೆ ಕಡೆ ಇಟ್ಟಿವೆ. ಜಾವಾಸ್ಕ್ರಿಪ್ಟಿನಲ್ಲಿ ಪಠ್ಯದ 7ನ್ನು 2ರಿಂದ ಗುಣಿಸಿದರೆ 14, ಅದಕ್ಕೇ 2 ಕೂಡಿಸಿದರೆ 72! ಮೈಕ್ರೋಸಾಫ್ಟಿನ ಹಳೆಯ ಬೇಸಿಕ್‌ನಲ್ಲಿ ಪಠ್ಯ ಇಡುವ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಬೇಕಿತ್ತು. ಸಂಖ್ಯೆ ಕೇಳಿದಲ್ಲಿ ಅಕ್ಷರ ಕೊಟ್ಟರೆ ‘ಮೊದಲಿನಿಂದ ಮತ್ತೆ ಕೊಡು’ ಎಂದು ಅಲ್ಲೇ ತಡೆಯುತ್ತಿತ್ತು. ಈ ಒಂದು ವಿಷಯದಲ್ಲಿ ಬೈಸಿಕೊಂಡ ಬೇಸಿಕ್ಕೇ ಹೊಸಬರಿಗೆ ಹೆಚ್ಚು ನಿಷ್ಠವಾಗಿತ್ತು.

ಯಾವುದೇ ಭಾಷೆಯನ್ನು ಒಂದು ಗಂಟೆಯಲ್ಲಿ ತೂಗಿ ನೋಡಲು ಇದೇ ಮಗ್ಗಿ ಸಾಕು. ಇನ್‌ಸ್ಟಾಲ್ ಮಾಡಿ ಓಡಿಸುವವರೆಗೆ ಇಪ್ಪತ್ತು ನಿಮಿಷ ದಾಟಿತೇ? ಅರ್ಥವಾಗದೆ ಸುಮ್ಮನೆ ನಕಲಿಸಿದ ಸಾಲು ಎಷ್ಟು? ಐದು ತಪ್ಪು ಬೇಕೆಂದೇ ಮಾಡಿದಾಗ ಎಷ್ಟಕ್ಕೆ ಭಾಷೆ ಸರಿಯಾದ ಸಾಲನ್ನು ತೋರಿಸಿತು, ಎಷ್ಟರಲ್ಲಿ ಬಾಯಿಮುಚ್ಚಿ ತಪ್ಪು ಉತ್ತರ ಕೊಟ್ಟಿತು? ಮೂರನೆಯ ಪ್ರಶ್ನೆಗೆ ಹೆಚ್ಚು ತೂಕ ಕೊಡಿ, ಏಕೆಂದರೆ ಮೊದಲೆರಡು ಒಂದು ದಿನದಲ್ಲಿ ಕಳೆದುಹೋಗುವ ಕಷ್ಟ.

ದೋಷ ಸಂದೇಶ ಓದುವ ಕ್ರಮವೂ ಇಲ್ಲೇ ಬರಲಿ. ಕೆಂಪಕ್ಷರ ಕಂಡೊಡನೆ ಕಿಟಕಿ ಮುಚ್ಚಬೇಡಿ. ಕೊನೆಯ ಸಾಲನ್ನು ಮೊದಲು ಓದಿ: ದೋಷದ ಜಾತಿ ಅಲ್ಲಿರುತ್ತದೆ. ಅದರ ಮೇಲೆ ಸಾಲಿನ ಸಂಖ್ಯೆ. ಆ ಸಾಲು ಸರಿಯಾಗಿಯೇ ಕಂಡರೆ ಹಿಂದಿನ ಸಾಲು ನೋಡಿ. ಮುಚ್ಚದ ಆವರಣ ಬಹಳ ಸಲ ಅಲ್ಲಿರುತ್ತದೆ. 2021ರ ಅಕ್ಟೋಬರಿನಲ್ಲಿ ಬಂದ 3.10ರಿಂದ ಪೈಥಾನಿನ ಸಂದೇಶಗಳು ಬಹಳ ಸುಧಾರಿಸಿವೆ, ಹೆಸರಿನ ಕಾಗುಣಿತ ತಪ್ಪಿದರೆ ‘ಇದೇ ಬೇಕಿತ್ತೇ’ ಎಂದೂ ಕೇಳುತ್ತದೆ. ಹಳೆಯ ಆವೃತ್ತಿ ಇದ್ದರೆ ಇದೊಂದು ಕಾರಣಕ್ಕಾದರೂ ಬದಲಿಸಿ.

ಕನ್ನಡ ಪಠ್ಯದ ಜೊತೆ ಕೆಲಸ

ಇಂಗ್ಲಿಷ್ ಪಾಠಗಳಲ್ಲಿ ಸಿಗದ, ಆದರೆ ಕನ್ನಡದ ಕಲಿಕೆದಾರರು ಎರಡನೇ ದಿನವೇ ಮುಗ್ಗರಿಸುವ ಜಾಗ ಇದು. ‘ಕನ್ನಡ’ ಎಂಬ ಪದದ ಉದ್ದ ಎಷ್ಟು ಎಂದು ‘ಲೆನ್’ ಆಜ್ಞೆಯಿಂದ ಕೇಳಿದರೆ 5 ಎನ್ನುತ್ತದೆ. ನಮಗೆ ಕಾಣುವುದು ಮೂರಕ್ಷರ; ಯೂನಿಕೋಡಿನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಅದು ಕ, ನ, ಹಲಂತ ಚಿಹ್ನೆ (್), ನ, ಡ ಎಂದು ಐದು ತುಂಡು. ‘ಮೈಸೂರು’ ಆರು ತುಂಡು. ಅದನ್ನು ಹಿಂದುಮುಂದಾಗಿಸಿದರೆ ಕೊನೆಯ ಉಕಾರ ತಾನು ಅಂಟಬೇಕಾದ ವ್ಯಂಜನವಿಲ್ಲದೆ ಮೊದಲಿಗೆ ಬಂದು, ಐಕಾರ ‘ಸ’ಕ್ಕೆ ಅಂಟಿ, ‘ರೂಸೈಮ’ ಎಂಬ ವಿಚಿತ್ರ ಹುಟ್ಟುತ್ತದೆ. ತಮಾಷೆಯೆಂದರೆ ‘ಕನ್ನಡ’ವನ್ನು ತಿರುಗಿಸಿದರೆ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ, ಒತ್ತಕ್ಷರದ ಎರಡೂ ಬದಿ ‘ನ’ಕಾರವೇ ಇರುವುದರಿಂದ. ಆ ಒಂದು ಪದದಲ್ಲಿ ಪರೀಕ್ಷಿಸಿ ಪ್ರೋಗ್ರಾಮ್ ಸರಿ ಇದೆ ಎಂದು ನಂಬಬೇಡಿ.

ಕನ್ನಡ ಅಂಕಿಯ ವಿಷಯ ಇನ್ನೂ ಸ್ವಾರಸ್ಯ. ಮಗ್ಗಿ ಪ್ರೋಗ್ರಾಮ್ ಓಡುತ್ತಿರುವಾಗ ೧೨ ಎಂದು ಕೊಟ್ಟರೆ ಇಂಟ್ ಅದನ್ನು ಹನ್ನೆರಡು ಎಂದೇ ತೆಗೆದುಕೊಳ್ಳುತ್ತದೆ. ಅದೇ ೧೨ನ್ನು ಕೋಡಿನ ಒಳಗೆ ಸಂಖ್ಯೆಯಾಗಿ ಬರೆದರೆ ‘ಸಲ್ಲದ ಅಕ್ಷರ’ ಎಂದು ತಳ್ಳುತ್ತದೆ. ಕನ್ನಡದಲ್ಲಿ ಹೆಸರಿಡುವಾಗಲೂ ಒಂದು ಕಂಟಕ: ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತು ಮೂಡದಂತೆ ತಡೆಯಲು ಕೀಲಿಮಣೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಡುವೆ ಸೇರಿಸಿರುತ್ತದೆ. ಉದ್ಧರಣದ ಒಳಗಿದ್ದರೆ ತೊಂದರೆಯಿಲ್ಲ, ವೇರಿಯಬಲ್ಲಿನ ಹೆಸರಿನಲ್ಲಿದ್ದರೆ ಕಾಣದ ಅಕ್ಷರದ ದೋಷ. ಬೆಲೆ, ಒಟ್ಟು, ಸಲ, ಅಂಕ ಇಂಥ ಹೆಸರುಗಳಿಗೆ ಅಂಟಿಕೊಂಡರೆ ಕ್ಷೇಮ.

ಫೈಲಿಗೆ ಕನ್ನಡ ಬರೆಯುವಾಗ, ‘ಓಪನ್’ ಆಜ್ಞೆಯಲ್ಲಿ ‘ಎನ್‌ಕೋಡಿಂಗ್’ ಯುಟಿಎಫ್-8 ಎಂದು ಕಡ್ಡಾಯವಾಗಿ ಹೇಳಿ. ಬಿಟ್ಟರೆ ವಿಂಡೋಸಿನಲ್ಲಿ ಪೈಥಾನ್ ಹಳೆಯ ಅಕ್ಷರ ಸಂಕೇತವನ್ನು ಬಳಸಲು ಹೋಗಿ ಮೊದಲ ಕನ್ನಡ ಅಕ್ಷರದಲ್ಲೇ ನಿಲ್ಲಬಹುದು. ಲಿನಕ್ಸಿನಲ್ಲಿ ಅದೇ ಪ್ರೋಗ್ರಾಮ್ ಸಲೀಸಾಗಿ ಓಡುವುದರಿಂದ ಗೆಳೆಯರ ಕಂಪ್ಯೂಟರಿನಲ್ಲಿ ಸರಿ, ನನ್ನದರಲ್ಲಿ ತಪ್ಪು ಎಂಬ ಗೊಂದಲ ಹುಟ್ಟುತ್ತದೆ.

ಮುಂದೂಡಿದ ಕಷ್ಟಗಳು ಎದುರಾಗುವ ಹೊತ್ತು

ಪಟ್ಟಿಗಳಿಗೆ ಬಂದಾಗ: ಹಳೆಯ ಪಟ್ಟಿಯ ಪ್ರತಿ ಇರಲೆಂದು ‘ಹೊಸದು = ಹಳೆಯದು’ ಎಂದು ಬರೆದು, ಹೊಸದಕ್ಕೆ ಒಂದು ಹೆಸರು ಸೇರಿಸುತ್ತೀರಿ. ಹಳೆಯದರಲ್ಲೂ ಅದು ಕಾಣುತ್ತದೆ. ಪ್ರತಿ ಆಗಿಲ್ಲ, ಒಂದೇ ಪಟ್ಟಿಗೆ ಎರಡು ಹೆಸರು ಬಿದ್ದಿದೆ, ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ಮಂಜುನಾಥ ಎಂದಂತೆ. ಬೇರೆ ಪ್ರತಿ ಬೇಕಿದ್ದರೆ ಪಟ್ಟಿಯ ‘ಕಾಪಿ’ ಕ್ರಿಯೆಯನ್ನು ಕರೆಯಿರಿ. ಪಟ್ಟಿಯೊಳಗೆ ಪಟ್ಟಿಗಳಿದ್ದರೆ ಕಾಪಿ ಮಾಡ್ಯೂಲಿನ ‘ಡೀಪ್‌ಕಾಪಿ’.

ಹಣದ ಲೆಕ್ಕಕ್ಕೆ ಬಂದಾಗ: 0.1ಕ್ಕೆ 0.2 ಕೂಡಿದರೆ 0.30000000000000004. ಸೊನ್ನೆಯಿಂದ ಶುರುಮಾಡಿ ಲೂಪಿನಲ್ಲಿ 0.1ನ್ನು ಹತ್ತು ಸಲ ಕೂಡುತ್ತಾ ಹೋದರೆ 0.9999999999999999, ಅದು 1ಕ್ಕೆ ಸಮವೇ ಎಂದರೆ ಅಲ್ಲ ಎನ್ನುತ್ತದೆ. ಇದು ಪೈಥಾನಿನ ತಪ್ಪಲ್ಲ, ದ್ವಿಮಾನದಲ್ಲಿ 0.1ನ್ನು ಪೂರ್ತಿ ಬರೆಯಲು ಬರುವುದಿಲ್ಲ. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲೂ ಇದೇ ಕತೆ. ‘ರೌಂಡ್’ ಕೂಡ ಶಾಲೆಯಲ್ಲಿ ಕಲಿತಂತೆ ನಡೆಯುವುದಿಲ್ಲ: 2.5 ಕೊಟ್ಟರೆ 2, 3.5 ಕೊಟ್ಟರೆ 4. ಸರಿ ಅರ್ಧ ಬಂದಾಗ ಸಮಸಂಖ್ಯೆಯ ಕಡೆ ವಾಲುವುದು ಅದರ ನಿಯಮ. ಬಿಲ್ಲು ಮಾಡುವ ಪ್ರೋಗ್ರಾಮಾದರೆ ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟು, ತೋರಿಸುವಾಗ ಮಾತ್ರ ರೂಪಾಯಿ ಮಾಡಿ.

ಹೊರಗಿನ ಲೈಬ್ರರಿಗೆ ಕೈಹಾಕಿದಾಗ: ಲೈಬ್ರರಿಗಳನ್ನು ತಂದು ಹಾಕುವ ‘ಪಿಪ್’ ಬಳಸಿ ಹಾಕಿದ್ದೀರಿ, ಆದರೂ ‘ಆ ಹೆಸರಿನ ಮಾಡ್ಯೂಲ್ ಇಲ್ಲ’ ಎನ್ನುತ್ತದೆ. ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇದ್ದು, ಪಿಪ್ ಒಂದರಲ್ಲಿ ಹಾಕಿರುತ್ತದೆ, ನೀವು ಓಡಿಸುತ್ತಿರುವುದು ಇನ್ನೊಂದನ್ನು. ಥಾನಿ ಬಳಸುವವರು ಅದರ ‘ಟೂಲ್ಸ್’ ಮೆನುವಿನ ಪ್ಯಾಕೇಜ್ ನಿರ್ವಾಹಕದಿಂದಲೇ ಹಾಕಲಿ. ಕಮಾಂಡ್ ಪ್ರಾಂಪ್ಟಿನವರು ಪಿಪ್ ಎಂದಷ್ಟೇ ಬರೆಯದೆ ‘ಪೈಥಾನ್ -ಎಂ ಪಿಪ್’ ಎಂದು ಬರೆಯಲಿ. ಹೊಸ ಉಬುಂಟು, ಡೆಬಿಯನ್‌ಗಳಲ್ಲಿ ‘ಈ ಪೈಥಾನನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತದೆ’ ಎಂಬ ಅರ್ಥದ ತಡೆ ಬಂದರೆ ಅದನ್ನು ಮುರಿದು ನುಗ್ಗಬೇಡಿ, ಪೈಥಾನಿನದೇ ವೆಂವ್ (venv) ಎಂಬ ಸೌಲಭ್ಯದ ಮೂಲಕ ಬೇರೆ ಪರಿಸರ ಮಾಡಿಕೊಳ್ಳಿ. ಪೈಥಾನಿನ ‘ಸುಲಭ’ ಎಂಬ ಹೆಸರಿಗೆ ಅತಿ ಕಡಿಮೆ ಅರ್ಹವಾದ ಭಾಗ ಇದೇ.

ವೇಗದ ಮಾತು ಹೊಸಬರನ್ನು ಸುಮ್ಮನೆ ಹೆದರಿಸುತ್ತದೆ. ಬರೀ ಲೂಪ್ ಓಡಿಸಿದರೆ ಪೈಥಾನ್ ಸಿಗಿಂತ ಹತ್ತಾರು ಪಟ್ಟು ನಿಧಾನ, ನಿಜ. ಐನೂರು ಸಾಲಿನ ಅಂಕಪಟ್ಟಿಗೆ ಅದರಿಂದ ಏನೂ ಆಗದು.

ಎರಡನೇ ಭಾಷೆ ಯಾವಾಗ

ಇನ್ನೂರು ಸಾಲಿನ ಒಂದು ಪ್ರೋಗ್ರಾಮನ್ನು ಯಾವ ವಿಡಿಯೊವನ್ನೂ ನೋಡದೆ ಬರೆದು, ಒಂದು ತಿಂಗಳ ನಂತರ ತೆರೆದು ಬದಲಾಯಿಸಲು ಬಂದರೆ ಆಗ. ಅದಕ್ಕೂ ಮೊದಲು ಭಾಷೆ ಬದಲಿಸುತ್ತಾ ಹೋದರೆ ಎಲ್ಲದರ ಮೊದಲ ಅಧ್ಯಾಯವಷ್ಟೇ ಬಾಯಿಪಾಠವಾಗುತ್ತದೆ.

ಎರಡನೆಯದು ಸಿ ಆಗಲಿ. ಪೈಥಾನ್ ಬಚ್ಚಿಟ್ಟದ್ದನ್ನೆಲ್ಲ ಅದು ಎದುರಿಗೆ ಇಡುತ್ತದೆ. ಮೊದಲ ಅಭ್ಯಾಸಕ್ಕೆ ಕ್ರಮಗುಣಿತ ತೆಗೆದುಕೊಳ್ಳಿ, ಅಂದರೆ 1ರಿಂದ ಒಂದು ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವುದು. ಪೈಥಾನಿನಲ್ಲಿ ಪೂರ್ಣಾಂಕಕ್ಕೆ ಮಿತಿಯಿಲ್ಲ, ನೂರರ ಕ್ರಮಗುಣಿತವನ್ನೂ ತಕರಾರಿಲ್ಲದೆ ಕೊಡುತ್ತದೆ. ಸಿಯಲ್ಲಿ ಸಾಮಾನ್ಯ ‘ಇಂಟ್’ ಬಳಸಿ ಬರೆದು 8 ಕೊಡಿ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ದಶಕಗಟ್ಟಲೆ ನಡೆದುಬಂದ ನೀಲಿ ಪರದೆಯ ಟರ್ಬೊ ಸಿಯಲ್ಲಾದರೆ 40320ರ ಬದಲು -25216 ಬರುತ್ತದೆ, ಅಲ್ಲಿನ ಇಂಟ್ 16 ಬಿಟ್‌ನದು, 32767ಕ್ಕೆ ತುಂಬಿಹೋಗುತ್ತದೆ. ಈಗಿನ ಜಿಸಿಸಿ ಎಂಬ ಸಿ ಕಂಪೈಲರಿನಲ್ಲಿ 8 ಸರಿ ಬರುತ್ತದೆ, 12ರವರೆಗೂ ಸರಿ. 13 ಕೊಟ್ಟಾಗ ಸಾಮಾನ್ಯವಾಗಿ ಕಾಣುವುದು 1932053504. ಋಣ ಚಿಹ್ನೆಯೂ ಇಲ್ಲ, ದೋಷ ಸಂದೇಶವೂ ಇಲ್ಲ. ಅದೇ ಸಂಖ್ಯೆಯನ್ನು ಪೈಥಾನಿಗೆ ಕೊಟ್ಟು ಹೋಲಿಸಿ: 6227020800.